ಇದು ಕೆರೆ ಅಲ್ಲ, ನೀರಿದೆಯಲ್ಲ

ರಾತ್ರಿ ಹನ್ನೊಂದೂವರೆ. ಸುದ್ದಿಪತ್ರ ಬೆಳಿಗ್ಗೆ ನಿಮ್ಮ ಇಮೇಲಿಗೆ ಬರಬೇಕು. ಈ ಪುಟ ಒಂದು ಬಿಟ್ಟು ಎಲ್ಲಾ ತುಂಬಿದೆ. ಗಣೇಶನ ಬಗ್ಗೆ ಬರೆಯೋಣ ಎಂದು ಕೂತೆ. ಹಳೇ ಸಂಚಿಕೆ ತೆಗೆದು ನೋಡಿದರೆ ಹೋದ ವರ್ಷವೂ ಅದೇ, ಅದರ ಹಿಂದಿನ ವರ್ಷವೂ ಅದೇ. ಕಡುಬು, ಮಣ್ಣಿನ ಗಣೇಶ, ಅಮ್ಮನ ಫೋನು. ನಿಮಗೂ ಸಾಕಾಗಿರುತ್ತೆ. ನನಗಂತೂ ಸಾಕಾಗಿದೆ.

ಮಂಡಿ ಇನ್ನೂ ನೋಯುತ್ತಿದೆ. ಅದಕ್ಕೆ ಏನು ಕಾರಣವೋ ಅದನ್ನೇ ಬರೆದುಬಿಡುತ್ತೇನೆ.

ಲೇಬರ್ ಡೇ ರಜೆಯ ಶನಿವಾರ ನಮ್ಮ ಕನ್ನಡ ಸಂಘದ 31 ಜನ ಇಲ್ಲಿಯ, ಅಂದರೆ ವಾಷಿಂಗ್ಟನ್ ರಾಜ್ಯದ, ಟ್ಯಾಲಪಸ್ ಲೇಕಿಗೆ ಹೋಗಿ ಬಂದೆವು. "ಸುಲಭದ ನಡಿಗೆ, ಮಕ್ಕಳು, ಊರಿಂದ ಬಂದಿರುವ ಅಪ್ಪ ಅಮ್ಮಂದಿರು ಎಲ್ಲರೂ ಬನ್ನಿ" ಎಂದು ವಾಟ್ಸಾಪಿನಲ್ಲಿ ಹಾಕಿದವಳು ನಾನೇ. ಐ-90 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಗಿ 45ನೇ ಎಕ್ಸಿಟ್ ತಗೊಂಡರೆ 9030 ನಂಬರಿನ ಕಾಡುರಸ್ತೆ ಸಿಗುತ್ತೆ. ಜಲ್ಲಿರಸ್ತೆ, ಗುಂಡಿಗಳಿಗೆ ಬರವಿಲ್ಲ. "ಆಹಾ, ಈಗ ಊರಿಗೆ ಬಂದ ಹಾಗಾಯ್ತು" ಎಂದರು ನಮ್ಮ ಮಾವ. ಅಮೆರಿಕಾಕ್ಕೆ ಬಂದ ಐದು ತಿಂಗಳಲ್ಲಿ ಅವರು ಇಲ್ಲಿಯ ರಸ್ತೆಯನ್ನು ಹೊಗಳಿದ್ದು ಅದೊಂದೇ ಸಲ.

ನಡಿಗೆ ನಿಜಕ್ಕೂ ಸುಲಭದ್ದೇ. ಹೋಗಿ ಬರಲು ನಾಲ್ಕು ಮೈಲಿ ಆಸುಪಾಸು, ಏರು ಆರೇಳುನೂರು ಅಡಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿದವರಿಗೆ ಇದು ಲೆಕ್ಕಕ್ಕೇ ಇಲ್ಲ. ಮೊದಲಿಗೆ ಸಿಗುವುದು, ಹಿಂದೆ ಮರ ಸಾಗಿಸುತ್ತಿದ್ದ ಹಳೇ ದಾರಿ. ಆಮೇಲೆ ಹೆಮ್‌ಲಾಕ್, ಡಗ್ಲಸ್ ಫರ್, ಸೀಡರ್ ಮರಗಳ ನಡುವೆ ಅಂಕುಡೊಂಕಾಗಿ ಹತ್ತುವ ಕಾಲುದಾರಿ. ಕೆಸರಿರುವ ಕಡೆ ಹಲಗೆ ಹಾಸಿದ್ದಾರೆ. ಮಕ್ಕಳು ಆ ಹಲಗೆಗಳ ಮೇಲೆ ಬೇಕೆಂತಲೇ ಧಡಧಡ ಓಡಿದರು. ಮಾವ ಊರಿನ ಚಪ್ಪಲಿಯಲ್ಲೇ ನಡೆದರು, ತಲೆಗೆ ಮಂಕಿ ಕ್ಯಾಪು. ಮಂಡಿ ಹಿಡಿದುಕೊಂಡಿದ್ದು ಅವರದ್ದಲ್ಲ, ನೂರೈವತ್ತು ಡಾಲರ್ ಶೂ ಹಾಕಿದ್ದ ನನ್ನದು.

ಮುಂದೆ ಹೋಗುವವರಿಗೆ ಒಂದೆರಡು ಮಾತು ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತೆ. ಗಾಡಿ ನಿಲ್ಲಿಸಲು ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಬೇಕು. ದಿನಕ್ಕೆ 5 ಡಾಲರ್, ವರ್ಷಕ್ಕೆ 30. ನಿಮ್ಮ ಹತ್ತಿರ ಇರುವ ಡಿಸ್ಕವರ್ ಪಾಸ್ ರಾಜ್ಯ ಸರ್ಕಾರದ್ದು, ಅದು ಇಲ್ಲಿ ನಡೆಯಲ್ಲ. ನಾನು ಇದನ್ನೇ ಎಲ್ಲರಿಗೂ ಮೂರು ಸಲ ಮೆಸೇಜ್ ಮಾಡಿ, ನಮ್ಮ ಪಾಸನ್ನು ಇನ್ನೊಂದು ಕಾರಿನಲ್ಲೇ ಬಿಟ್ಟು ಬಂದಿದ್ದೆ. ನಮ್ಮವರು ಏನೂ ಮಾತಾಡದೆ ನಾರ್ತ್ ಬೆಂಡ್ ಊರಿನ ತನಕ ವಾಪಸ್ ಹೋಗಿ ಇನ್ನೊಂದು ಪಾಸ್ ತಂದರು. ಆ ಮೌನ ಮನೆ ತಲುಪುವವರೆಗೂ ಇತ್ತು.

ಇನ್ನೊಂದು ವಿಷಯ. ಈ ಕೆರೆ ಇರುವುದು ಮೌಂಟ್ ಬೇಕರ್-ಸ್ನೋಕ್ವಾಲ್ಮಿ ನ್ಯಾಷನಲ್ ಫಾರೆಸ್ಟಿನಲ್ಲಿ. ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ. ಪಾರ್ಕು ಇಂಟೀರಿಯರ್ ಇಲಾಖೆಯದ್ದು, ಫಾರೆಸ್ಟು ಕೃಷಿ ಇಲಾಖೆಯದ್ದು. ಕಾಡನ್ನೂ ಬೆಳೆ ಎಂದೇ ನೋಡಿದ್ದಾರೆ, ಮರ ಕಡಿಯುತ್ತಾರೆ, ಮತ್ತೆ ನೆಡುತ್ತಾರೆ. ಆದರೆ ಅದರೊಳಗೆ ಕೆಲವು ಭಾಗಕ್ಕೆ ಗರಗಸ ಹೋಗುವಂತಿಲ್ಲ, ರಸ್ತೆ ಮಾಡುವಂತಿಲ್ಲ, ಸೈಕಲ್ಲೂ ತರುವಂತಿಲ್ಲ. 1964ರ ಕಾಯಿದೆ. ನಮ್ಮ ಕೆರೆ ಅಂಥ ಭಾಗದಲ್ಲೇ ಇದೆ, ಅಲ್ಪೈನ್ ಲೇಕ್ಸ್ ವಿಲ್ಡರ್‌ನೆಸ್ ಎನ್ನುತ್ತಾರೆ. 1976ರಲ್ಲಿ ಆಗಿದ್ದು. ಚಿಕ್ಕವು ದೊಡ್ಡವು ಸೇರಿ ಏಳುನೂರಕ್ಕೂ ಜಾಸ್ತಿ ಕೆರೆಗಳಿವೆ ಅದರಲ್ಲಿ.

ಅಲ್ಲಿ ಒಂದು ಗುಂಪಿನಲ್ಲಿ 12 ಜನಕ್ಕಿಂತ ಹೆಚ್ಚು ಇರುವಂತಿಲ್ಲ. ಕುದುರೆ ತಂದರೆ ಅದೂ ಲೆಕ್ಕಕ್ಕೆ. ಹನ್ನೆರಡು ಜನ ಎಂದರೆ ನಮ್ಮಲ್ಲಿ ಒಂದು ಮನೆಯ ಸೀಮಂತಕ್ಕೆ ಅಡುಗೆಮನೆಯಲ್ಲಿ ನಿಂತಿರುವವರು! ಹಿಂದಿನ ರಾತ್ರಿ ಕೂತು 12, 10, 9 ಎಂದು ಮೂರು ಗುಂಪು ಮಾಡಿದೆ. ಅರ್ಧರ್ಧ ಗಂಟೆ ಬಿಟ್ಟು ಹೊರಟೆವು. ಕಾಲುದಾರಿ ಶುರುವಾಗುವ ಕಡೆ ಇರುವ ಪೆಟ್ಟಿಗೆಯಲ್ಲಿ ಪುಕ್ಕಟೆ ಅನುಮತಿ ಚೀಟಿ ಇರುತ್ತೆ, ಪ್ರತಿ ಗುಂಪೂ ಬರೆದು ಹಾಕಬೇಕು. ಮೇಲೆ ಹೋಗಿ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡೋಣ ಎಂದರು ಒಬ್ಬರು. ಹಾಗೆ ಮಾಡಿದರೆ ಗುಂಪು ಮಾಡಿದ್ದೇ ದಂಡ ಅಲ್ವಾ? ಹಾಗಾಗಿ ದಡದಲ್ಲಿ ಮೂರು ಕಡೆ, ಒಬ್ಬರಿಗೊಬ್ಬರು ಕಾಣದ ಹಾಗೆ ಕೂತೆವು. ಚಿತ್ರಾನ್ನ ಒಂದು ಗುಂಪಿನಲ್ಲಿ, ಮೊಸರನ್ನ ಇನ್ನೊಂದರಲ್ಲಿ, ಉಪ್ಪಿನಕಾಯಿ ಮೂರನೆಯದರಲ್ಲಿ ಸಿಕ್ಕಿಹಾಕಿಕೊಂಡಿತು. ಒಬ್ಬ ಹುಡುಗ ಪೋಸ್ಟ್‌ಮನ್ ಆಗಿ ಡಬ್ಬಿ ಹಿಡಿದು ಓಡಾಡಿದ. ಬೂದುಬಣ್ಣದ ಜೇ ಹಕ್ಕಿಗಳು ಅವನ ಹಿಂದೆ ಕೊಂಬೆಯಿಂದ ಕೊಂಬೆಗೆ ಬಂದವು. ಅವಕ್ಕೆ ಕಳ್ಳಹಕ್ಕಿ ಎಂದೇ ಅಡ್ಡಹೆಸರು. ಕೈಯಲ್ಲಿದ್ದದ್ದನ್ನೇ ಕಿತ್ತುಕೊಂಡು ಹೋಗುತ್ತವೆ. ದಯವಿಟ್ಟು ತಿನ್ನಿಸಬೇಡಿ, ಹಪ್ಪಳದ ಚೂರನ್ನೂ.

ಟ್ಯಾಲಪಸ್ ಎಂದರೆ ಏನು ಎಂದು ಮಕ್ಕಳಿಗೆ ಮೊದಲೇ ಹೇಳಿದ್ದೆ. ಚಿನೂಕ್ ಜಾರ್ಗನ್ ಎಂಬ ಮಾತಿನಲ್ಲಿ ಅದು ಕಯೋಟಿ, ನಮ್ಮ ಗುಳ್ಳೆನರಿಯ ನೆಂಟ. ಅಲ್ಲಿಂದ ಇನ್ನೊಂದು ಮೈಲಿ ಮೇಲೆ ಹೋದರೆ ಓಲಾಲಿ ಲೇಕ್. ಓಲಾಲಿ ಎಂದರೆ ಕಾಡುಹಣ್ಣು. ನರಿಕೆರೆ, ಹಣ್ಣುಕೆರೆ. ನಮ್ಮ ಕಡೆ ಊರಿನ ಹೆಸರು ಇದ್ದ ಹಾಗೇ ಇಲ್ವಾ? ಈ ಚಿನೂಕ್ ಜಾರ್ಗನ್ ಯಾರ ಮನೆಮಾತೂ ಆಗಿ ಹುಟ್ಟಿದ್ದಲ್ಲ. ಈ ಕರಾವಳಿಯ ಮೂಲನಿವಾಸಿಗಳು, ತುಪ್ಪಳ ಕೊಳ್ಳಲು ಬಂದ ವ್ಯಾಪಾರಿಗಳು ಎಲ್ಲರೂ ಸೇರಿ ಮಾಡಿಕೊಂಡ ಬೆರಕೆ ಮಾತು. ಸ್ವಲ್ಪ ಚಿನೂಕ್, ಸ್ವಲ್ಪ ಫ್ರೆಂಚ್, ಸ್ವಲ್ಪ ಇಂಗ್ಲಿಷ್. "ಅಮ್ಮಾ, ನಾನು ವಾಕ್ ಮಾಡಿ ಮಾಡಿ ಟೈರ್ಡ್ ಆಗ್ಬಿಟ್ಟೆ" ಎನ್ನುವ ನಮ್ಮ ಮಕ್ಕಳ ಕನ್ನಡಕ್ಕೆ ಬೈಯುವಾಗ ಇದು ನೆನಪಿಗೆ ಬರುತ್ತೆ. ಆ ಬೆರಕೆ ಮಾತಿನ ಹೆಸರುಗಳೇ ಇಲ್ಲಿಯ ನಕಾಶೆಯ ಮೇಲೆ ಗಟ್ಟಿಯಾಗಿ ಕೂತಿವೆ.

ದಾರಿಯಲ್ಲಿ ಹಕಲ್‌ಬೆರಿ ಹಣ್ಣಾಗಿತ್ತು. ತೀರ್ಥಹಳ್ಳಿ ಕಡೆಯ ಒಬ್ಬರು ಬಾಯಿಗೆ ಹಾಕಿಕೊಂಡು, "ಇದು ನಮ್ಮ ಕೌಳಿಹಣ್ಣಿನ ತಮ್ಮ" ಎಂದು ತೀರ್ಪು ಕೊಟ್ಟರು. ಹತ್ತು ನಿಮಿಷದಲ್ಲಿ ಎಲ್ಲ ಮಕ್ಕಳ ನಾಲಿಗೆಯೂ ನೇರಳೆ ತಿಂದ ಹಾಗೆ. (ಗೊತ್ತಿಲ್ಲದ ಹಣ್ಣು ತಿನ್ನಬೇಡಿ. ಗೊತ್ತಿರುವವರನ್ನು ಕೇಳಿ.)

ಕೊನೆಯ ತಿರುವು ದಾಟಿದರೆ ಮರಗಳ ಸಂದಿಯಲ್ಲಿ ನೀರು. ಹಸಿರೂ ಅಲ್ಲ, ನೀಲಿಯೂ ಅಲ್ಲ. ಸುತ್ತ ಮೂರು ಕಡೆ ಕಡಿದಾದ ಕಾಡು, ಒಂದು ಕಡೆ ನೀರು ಹೊರಗೆ ಹೋಗುವ ಬಾಯಿ. ಅಲ್ಲಿ ಬಿದ್ದ ಮರದ ದಿಮ್ಮಿಗಳು ಬೆಳ್ಳಗೆ ಒಣಗಿ ಒಂದರ ಮೇಲೊಂದು ಅಡ್ಡಡ್ಡ ಸಿಕ್ಕಿಕೊಂಡಿವೆ. ಅವುಗಳ ಕೆಳಗೆ ನೀರು ಗುಳುಗುಳು ಅನ್ನುತ್ತಾ ನುಸುಳುತ್ತೆ. ಮಾವ ಸ್ವಲ್ಪ ಹೊತ್ತು ನಿಂತು ನೋಡಿ, "ಇಷ್ಟೊಂದು ನೀರಿದೆ, ಒಬ್ಬನೂ ಬಟ್ಟೆ ಒಗೀತಾ ಇಲ್ವಲ್ಲ" ಎಂದರು.

ನಾನು ನಮ್ಮ ಚಿಕ್ಕವಳನ್ನು ಹತ್ತಿರ ಕರೆದು, "ನೋಡು ಪುಟ್ಟ, ಕೆರೆ" ಎಂದೆ.

ಅವಳು ನೀರನ್ನು ನೋಡಿದಳು, ನನ್ನನ್ನು ನೋಡಿದಳು. "ಇದು ಕೆರೆ ಅಲ್ಲಮ್ಮ. ನೀರಿದೆಯಲ್ಲ."

ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ತಪ್ಪು ಅವಳದ್ದಲ್ಲ. ಹೋದ ಸಲ ಊರಿಗೆ ಹೋದಾಗ ಅವಳನ್ನು ಕರೆದುಕೊಂಡು ಹೋಗಿ, ಇದೇ ನೋಡು ನಮ್ಮ ತಾತನ ಕೆರೆ ಎಂದು ತೋರಿಸಿದ್ದೆ. ಉದ್ದದ ಮಣ್ಣಿನ ಏರಿ, ಏರಿಯ ಕೆಳಗೆ ಗದ್ದೆಗೆ ನೀರು ಬಿಡುವ ತೂಬಿನ ಎರಡು ಕಲ್ಲುಕಂಬ, ಆ ತುದಿಯಲ್ಲಿ ಕೆರೆ ತುಂಬಿದಾಗ ನೀರು ಹೊರಗೆ ಹರಿಯುವ ಕೋಡಿ. ಒಳಗೆ ಪೂರ್ತಿ ಜಾಲಿಗಿಡ. ಮಧ್ಯದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ತೂಬಿನ ಕಂಬಕ್ಕೆ ಒಂದು ಹಸು ಕಟ್ಟಿದ್ದರು. ಅವಳ ಮಟ್ಟಿಗೆ ಕೆರೆ ಎಂದರೆ ಅದೇ. ನೀರಿದ್ದರೆ ಅದು ಲೇಕ್.

ನಮ್ಮ ಊರು ತುರುವೇಕೆರೆ ಕಡೆ. ತಾಲ್ಲೂಕಿನ ಹೆಸರಿನಲ್ಲೇ ಕೆರೆ ಇದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ದಸರಾ ರಜೆಗೆ ಹೋಗಿದ್ದೆ. ಆ ವರ್ಷ ಚಿತ್ತೆ ಮಳೆ ಬಿಡದೆ ಹೊಡೆದಿತ್ತು. ತಾತ ದಿನಾ ಬೆಳಿಗ್ಗೆ ಎದ್ದವರೇ ಕೆರೆಗೆ ಹೋಗಿ ಸೋಪಾನದ ಕಲ್ಲು ಎಣಿಸಿ ಬರುತ್ತಿದ್ದರು. ಏಳು ಕಲ್ಲು ಕಾಣ್ತಿವೆ. ಮಾರನೇ ದಿನ ಐದು. ಆಮೇಲೆ ಎರಡು. ಅಜ್ಜಿ ಕಾಫಿ ಕೊಡುವಾಗ ಮೊದಲ ಪ್ರಶ್ನೆಯೇ "ಎಷ್ಟು?" ಎಂಬುದು. ನಮಗೆ ಕ್ರಿಕೆಟ್ ಸ್ಕೋರ್ ಹೇಗೋ ಆ ಮನೆಗೆ ಅದು.

ಒಂದು ರಾತ್ರಿ ತಾತ ನನ್ನ ಭುಜ ಅಲ್ಲಾಡಿಸಿ ಎಬ್ಬಿಸಿದರು. "ಕೇಳು" ಎಂದರು. ನನಗೆ ಏನೂ ಕೇಳಲಿಲ್ಲ. ಮಳೆ ನಿಂತಿತ್ತು, ಸೂರಿನಿಂದ ಹನಿ ಬೀಳುತ್ತಿತ್ತು. ಆಮೇಲೆ ಆ ಹನಿಗಳ ಹಿಂದೆ, ದೂರದಲ್ಲಿ, ಒಂದೇ ಸಮನೆ ಒಂದು ಗುಯ್ಯ್ ಎನ್ನುವ ಸದ್ದು. ಬಸ್ಸು ಬಂದ ಹಾಗೆ, ಆದರೆ ಹತ್ತಿರವೂ ಬರದು, ದೂರವೂ ಹೋಗದು. "ಕೋಡಿ ಬಿತ್ತು" ಎಂದರು. ಬ್ಯಾಟರಿ ಹಿಡಿದುಕೊಂಡು ಹೊರಟೆವು. ಬೀದಿಯಲ್ಲಿ ಆಗಲೇ ಜನ. ಯಾರೂ ಯಾರನ್ನೂ ಕರೆದಿರಲಿಲ್ಲ. ಎಲ್ಲರಿಗೂ ನಿದ್ದೆಯಲ್ಲೇ ಕೇಳಿಸಿತ್ತು. ಏರಿಯ ಮೇಲೆ ಸಾಲಾಗಿ ಬ್ಯಾಟರಿ ಬೆಳಕು, ಲಾಟೀನು. ಕೋಡಿಯ ಹತ್ತಿರ ಹೋದರೆ ಕಲ್ಲುಚಪ್ಪಡಿಗಳ ಮೇಲೆ ನೀರು ಹಾಸಿದ ಪಂಚೆಯ ಹಾಗೆ ಜಾರುತ್ತಿತ್ತು. ಹುಡುಗರು ಕೆಳಗಡೆ ಕೂಳಿ ಹಿಡಿದು ಮೀನಿಗೆ ನಿಂತಿದ್ದರು. ಒಬ್ಬನಂತೂ ಮನೆಯ ಸೊಳ್ಳೆಪರದೆಯನ್ನೇ ತಂದಿದ್ದ. ಬೆಳಿಗ್ಗೆ ಅವನಿಗೆ ಅವರಮ್ಮನಿಂದ ಏನಾಯಿತು ಎಂಬುದು ಬೇರೆ ಕಥೆ. ತಾತ ಚಪ್ಪಲಿ ಬಿಟ್ಟು, ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನನ್ನ ಕಣ್ಣಿಗೂ ಒತ್ತಿದರು. ಆ ನೀರಿಗೆ ಹಸಿ ಮಣ್ಣಿನ, ಮೀನಿನ ವಾಸನೆ.

ಮಾರನೇ ದಿನ ತಮಟೆ ಹೊಡೆಸಿ ಹೆಂಗಸರೆಲ್ಲ ಮೊರದಲ್ಲಿ ಬಾಗಿನ ತಂದು ಗಂಗಮ್ಮನಿಗೆ ಬಿಟ್ಟರು. ನೀರುಗಂಟಿಗೆ ಹೊಸ ಪಂಚೆ.

ಈ ನೀರುಗಂಟಿ ಬಗ್ಗೆ ಹೇಳಲೇಬೇಕು. ಕೆರೆ ನೀರನ್ನು ಗದ್ದೆಗಳಿಗೆ ಹಂಚುವ ಮನುಷ್ಯ. ತೂಬು ಎತ್ತುವುದು ಅವನ ಕೆಲಸ, ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ಎಂಬುದು ಅವನ ಲೆಕ್ಕ. ಸಂಬಳ ಇಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಇಷ್ಟು ಭತ್ತ, ಇಷ್ಟು ರಾಗಿ ಎಂದು ಆಯ ಕೊಡುತ್ತಿದ್ದರು. ಒಂದು ಸಲ ತೂಬಿನ ಬೆಣೆ ಸಿಕ್ಕಿಕೊಂಡು ಅವನು ನೀರಿಗೆ ಮುಳುಗಿದ್ದನ್ನು ನಾನು ಏರಿಯ ಮೇಲೆ ನಿಂತು ನೋಡಿದ್ದೇನೆ. ಗುಳ್ಳೆ ಬಂತು, ಗುಳ್ಳೆ ನಿಂತಿತು. ನಾನೂ ಉಸಿರು ಹಿಡಿದುಕೊಂಡೆ, ನನಗೆ ಆಗಲಿಲ್ಲ, ಬಿಟ್ಟೆ. ಅವನು ಇನ್ನೂ ಮೇಲೆ ಬಂದಿಲ್ಲ. ಆಮೇಲೆ ತಲೆತುಂಬ ಪಾಚಿ ಹೊತ್ತು ಎದ್ದ. ತಾತ ಬೀಡಿ ಹಚ್ಚಿ ಅವನ ಬಾಯಿಗೇ ಇಟ್ಟರು, ಅವನ ಕೈ ನಡುಗುತ್ತಿತ್ತು. ಆ ಕಡೆ ಕಾಲುವೆಯಲ್ಲಿ ನೀರು ಹೊರಟಿತು. ಗದ್ದೆಯಲ್ಲಿದ್ದವರು ಯಾರೂ ಅವನ ಕಡೆ ತಿರುಗಿಯೂ ನೋಡಲಿಲ್ಲ, ಎಲ್ಲರೂ ಅವರವರ ಮಡೆ ಕಟ್ಟುವ ಅವಸರದಲ್ಲಿದ್ದರು.

(ಏಳು ವರ್ಷದಿಂದ ಈ ಸುದ್ದಿಪತ್ರ ಮಾಡುತ್ತಿರುವವಳಿಗೆ ಈ ಕಥೆ ಯಾಕೆ ಇಷ್ಟು ಚೆನ್ನಾಗಿ ನೆನಪಿದೆ ಎಂದು ಕೇಳಬೇಡಿ.)

ಕರ್ನಾಟಕದಲ್ಲಿ ಇಂಥ ಕೆರೆಗಳು 36 ಸಾವಿರಕ್ಕೂ ಹೆಚ್ಚಿವೆ. ಹೆಚ್ಚುಕಡಿಮೆ ಎಲ್ಲವೂ ಯಾರೋ ಕಟ್ಟಿದ್ದು, ಕಟ್ಟಿಸಿದ್ದು. ಕಟ್ಟಿದ ಮೇಲೆ ಸುಮ್ನೆ ಬಿಡುವ ಹಾಗಿಲ್ಲ. ಬೇಸಿಗೆಯಲ್ಲಿ ಗೋಡುಮಣ್ಣು ತೆಗೆದು ಗಾಡಿಯಲ್ಲಿ ಹೊಲಕ್ಕೆ ಹೊಡೆಯಬೇಕು, ಏರಿಯ ಮೇಲೆ ಗಿಡ ಬೆಳೆಯದ ಹಾಗೆ ನೋಡಬೇಕು, ನೀರು ಬರುವ ಹಳ್ಳಕ್ಕೆ ಯಾರೂ ಅಡ್ಡ ಹಾಕದ ಹಾಗೆ ಕಾಯಬೇಕು. ಬೋರ್‌ವೆಲ್ ಬಂದ ಮೇಲೆ ಅವರವರ ನೀರು ಅವರವರ ತೋಟದಲ್ಲೇ ಸಿಕ್ಕಿತು. ಕೆರೆ ಯಾರಿಗೂ ಬೇಡವಾಯಿತು. ನೀರುಗಂಟಿಯ ಮಗ ಬೆಂಗಳೂರಿನಲ್ಲಿ ಆಟೋ ಓಡಿಸುತ್ತಾನೆ.

ಟ್ಯಾಲಪಸ್ ದಡದಲ್ಲಿ ಇದನ್ನೆಲ್ಲ ಅರ್ಧಂಬರ್ಧ ಹೇಳಿದೆ. ಚಿಕ್ಕವಳ ಮುಂದಿನ ಪ್ರಶ್ನೆ ರೆಡಿ ಇತ್ತು. "ಹಾಗಾದ್ರೆ ಇದನ್ನ ಕಟ್ಟಿದ್ದು ಯಾರು?" ಹಿಮನದಿ ಎಂದೆ. ಹತ್ತು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ದಪ್ಪನೆಯ ಹಿಮ ಇತ್ತು, ಅದು ನಿಧಾನಕ್ಕೆ ಜಾರುತ್ತಾ ಬೆಟ್ಟವನ್ನು ಕೆರೆದು ಕೆರೆದು ಗುಂಡಿ ಮಾಡಿತು, ಈ ಬೆಟ್ಟಗಳಲ್ಲಿರುವ ಬಹುಪಾಲು ಕೆರೆಗಳು ಆಗಿದ್ದು ಹಾಗೇ. "ಕೆರೆದು ಮಾಡಿದ್ದಕ್ಕೇ ಕೆರೆನಾ?" ಎಂದಳು. ಭಾಷಾ ಪಂಡಿತರು ಯಾರಾದರೂ ಇದ್ದರೆ ಕ್ಷಮಿಸಿ, ನಾನು ಹೌದು ಎಂದುಬಿಟ್ಟೆ. ಅವಳು ದಿಮ್ಮಿ ಸಿಕ್ಕಿಕೊಂಡಿದ್ದ ಬಾಯಿಯ ಹತ್ತಿರ ಹೋಗಿ ಕೂತಳು. "ಅಜ್ಜಾ, ಕೋಡಿ ಇಲ್ಲಿದೆ" ಎಂದು ಮಾವನನ್ನು ಕೂಗಿದಳು. ಮಾವ ಚಪ್ಪಲಿ ಬಿಟ್ಟು ಹೋದರು.

ಗಣೇಶನನ್ನು ಇಲ್ಲೇ ಬಿಡಬಹುದಿತ್ತಲ್ವಾ ಎಂದು ಕೇಳಿದವರಿಗೆ: ಬೇಡ. ಬಕೆಟ್ಟಿನಲ್ಲಿ ಬಿಟ್ಟು, ಮಣ್ಣನ್ನು ಹಿತ್ತಿಲ ಗಿಡಕ್ಕೆ ಹಾಕಿ. ಬಣ್ಣ ಬಳಿದ ಗಣೇಶ ಆದರೆ ಅದೂ ಬೇಡ.

ಈಗ ಗಡಿಬಿಡಿಯಲ್ಲಿ ಪ್ರಕಟಣೆಗಳು, ಯಾಕೆಂದರೆ ಸಮಿತಿಯವರು ಐದು ನಿಮಿಷಕ್ಕೊಂದು ಮೆಸೇಜ್ ಹಾಕುತ್ತಿದ್ದಾರೆ. ಸಂಘದ ಗಣೇಶೋತ್ಸವ ಬರುವ ಶನಿವಾರ, ಎಂದಿನ ಶಾಲೆಯ ಸಭಾಂಗಣದಲ್ಲಿ. ಪೂಜೆ ಹತ್ತಕ್ಕೆ, ಊಟ ಹನ್ನೆರಡೂವರೆಗೆ. ಊಟ ಎಷ್ಟು ಗಂಟೆಗೆ ಎಂದು ಪ್ರತ್ಯೇಕವಾಗಿ ಮೆಸೇಜ್ ಮಾಡಬೇಡಿ, ಈಗಷ್ಟೇ ಹೇಳಿದೆ. ಕುರ್ಚಿ ಹಾಕಲು ಬೆಳಿಗ್ಗೆ ಎಂಟಕ್ಕೆ ಆರು ಜನ ಬೇಕು. ಹೋದ ವರ್ಷ ಮೂವರು ಬಂದಿದ್ದರು, ಅದರಲ್ಲಿ ಒಬ್ಬರು ಅಧ್ಯಕ್ಷರು. ತಟ್ಟೆ ಲೋಟ ಮನೆಯಿಂದಲೇ ತನ್ನಿ. ಮಕ್ಕಳ ಕನ್ನಡ ತರಗತಿ ಈ ಭಾನುವಾರದಿಂದ ಶುರು. ಮೂರನೇ ಹಂತಕ್ಕೆ ಪಾಠ ಹೇಳುವವರು ಇನ್ನೂ ಸಿಕ್ಕಿಲ್ಲ. ರಾಜ್ಯೋತ್ಸವದ ನಾಟಕಕ್ಕೆ ಇಬ್ಬರು ಗಂಡಸರು ಬೇಕು, ಮೀಸೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅಂಟಿಸುತ್ತೇವೆ. ಸದಸ್ಯತ್ವ ಮುಗಿದವರು ನವೀಕರಿಸಿ. ನಿಮ್ಮದು ಮುಗಿದಿದೆಯೋ ಇಲ್ಲವೋ ಗೊತ್ತಿಲ್ಲ ಎಂದರೆ ಮುಗಿದಿದೆ ಎಂದೇ ಅರ್ಥ.

ಲೇಖನ ಕಳಿಸುವವರಲ್ಲಿ ಒಂದು ಬೇಡಿಕೆ. ಒಬ್ಬರು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸುತ್ತೀರಿ, ಒಬ್ಬರು 'ಬರಹ' ತಂತ್ರಾಂಶದಲ್ಲಿ, ಒಬ್ಬರು ಕೈಯಲ್ಲಿ ಬರೆದು ಫೋಟೋ ಹೊಡೆದು ವಾಟ್ಸಾಪಿನಲ್ಲಿ. ಎಲ್ಲವನ್ನೂ ಯುನಿಕೋಡಿಗೆ ತಂದು, ಒತ್ತಕ್ಷರ ಎಲ್ಲಿ ಹಾರಿಹೋಗಿದೆ ಎಂದು ಹುಡುಕಿ ಕೂರಿಸುವ ಹೊತ್ತಿಗೆ ಇಷ್ಟು ಹೊತ್ತಾಗುತ್ತೆ. ಈ ಕೆಲಸಕ್ಕೆ ಒಬ್ಬರು ಕೈ ಕೊಡಿ. ತಿಂಗಳಿಗೆ ಎರಡು ಸಂಜೆ ಸಾಕು. ಇಬ್ಬರಾದರೆ ಒಂದೊಂದು ಸಂಜೆ. ಆಯ ಕೊಡಲು ಆಗಲ್ಲ, ಬೀಡಿಯೂ ಇಲ್ಲ. ನಮ್ಮ ಮನೆಯಲ್ಲಿ ಫಿಲ್ಟರ್ ಕಾಫಿ ಇದೆ. ಮೂರು ಸಂಚಿಕೆಯಿಂದ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಬರೆಯುತ್ತಿದ್ದೇನೆ. ಈ ಸಲ ನೇರವಾಗಿ ಬರೆದಿದ್ದೇನೆ.

ಮಾವ ಗುರುವಾರ ಊರಿಗೆ ಹೊರಡುತ್ತಾರೆ. ಸೂಟ್‌ಕೇಸು ಮೂರು ಸಲ ತೂಕ ಮಾಡಿ ಆಯ್ತು. ಈಗ ನಾನು ಟೈಪ್ ಮಾಡುತ್ತಿರುವಾಗಲೇ ನಮ್ಮಣ್ಣ ಊರಿನಿಂದ ಒಂದು ವಿಡಿಯೊ ಕಳಿಸಿದ್ದಾನೆ. ಹೇಮಾವತಿ ನಾಲೆಯಿಂದ ನೀರು ಬಿಟ್ಟಿದ್ದಾರಂತೆ, ನಮ್ಮ ಕೆರೆಗೂ ಬಂದಿದೆ. ಜಾಲಿಗಿಡಗಳ ತುದಿ ಮಾತ್ರ ಕಾಣುತ್ತಿದೆ. ಕ್ರಿಕೆಟ್ ಹುಡುಗರು ಏರಿಯ ಮೇಲೆ ಸಾಲಾಗಿ ನಿಂತಿದ್ದಾರೆ, ಎಲ್ಲರ ಕೈಯಲ್ಲೂ ಮೊಬೈಲು. ಚಿಕ್ಕವಳು ನೀರು ಕುಡಿಯಲು ಎದ್ದು ಬಂದಿದ್ದಳು, ತೋರಿಸಿದೆ. ಕಣ್ಣು ಉಜ್ಜಿಕೊಂಡು ನೋಡಿ, "ಈಗ ಲೇಕ್ ಆಯ್ತಾ?" ಎಂದು ಕೇಳಿ ಹೋಗಿ ಮಲಗಿದಳು.

ಕೊನೆಯದಾಗಿ: ಶನಿವಾರ ಚಿತ್ರಾನ್ನ ತಂದಿದ್ದ ದೊಡ್ಡ ಸ್ಟೀಲ್ ಡಬ್ಬಿ ನನ್ನ ಕಾರಿನ ಡಿಕ್ಕಿಯಲ್ಲಿದೆ. ಮುಚ್ಚಳದ ಮೇಲೆ "ಸೋದರತ್ತೆಯ ಉಡುಗೊರೆ" ಎಂದು ಚುಕ್ಕೆ ಚುಕ್ಕೆಯಾಗಿ ಕೊರೆದಿದೆ. ಹೆಸರಿನ ಜಾಗ ಸವೆದುಹೋಗಿದೆ. ಯಾರ ಸೋದರತ್ತೆಯೋ ಬಂದು ತಗೊಂಡು ಹೋಗಿ. ತೊಳೆದು ಇಟ್ಟಿದ್ದೇನೆ.